ಹದಿನಾಲ್ಕು ಸಲ ಬೇಡವೆಂದವಳು

ಸಿಟ್ಟು ಬಂದರೆ ಚೀಟಿಯಕ್ಕ ಕೂಗುವವಳಲ್ಲ, ಬರೆಯುವವಳು. ಆ ಗುರುವಾರ ಮಧ್ಯಾಹ್ನ ಅವಳು ಬರೆದ ಹದಿನಾಲ್ಕು ಚೀಟಿಗಳಲ್ಲಿ ಪೆನ್ನಿನ ಮೊನೆ ತಾಗಿ ಐದು ಹರಿದಿದ್ದವು. ಹರಿದವನ್ನು ಹಾಗೇ ಇಟ್ಟುಕೊಂಡಳು. ಸಿಟ್ಟಿಗೂ ಒಂದು ದಾಖಲೆ ಇರಲಿ ಎಂದುಕೊಂಡಳೋ ಏನೋ.

ಅವಳು ಕೆಲಸ ಮಾಡುತ್ತಿದ್ದದ್ದು ನಿಘಂಟಿನ ಕಚೇರಿಯಲ್ಲಿ. ಇಂಗ್ಲಿಷಿನ ಪದಕ್ಕೆ ನಮ್ಮ ಭಾಷೆಯಲ್ಲಿ ಅರ್ಥ ಬರೆಯುವ ಕಚೇರಿ. ನಾಲ್ಕು ಮೇಜು, ಒಂದು ಗೋಡೆಯುದ್ದಕ್ಕೂ ಮರದ ಡಬ್ಬಿಗಳು, ಡಬ್ಬಿಯ ತುಂಬ ಅಂಗೈಯಗಲದ ಚೀಟಿಗಳು. ಒಂದು ಪದ ಯಾವ ಪುಸ್ತಕದಲ್ಲಿ ಬಂತು, ಯಾವ ಪತ್ರಿಕೆಯಲ್ಲಿ ಬಂತು, ಯಾರು, ಯಾರಿಗೆ, ಯಾವ ದಿನ ಬರೆದರು, ಎಲ್ಲವೂ ಚೀಟಿಗೆ ಏರಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಕಚೇರಿಯಲ್ಲಿ ಕಾನೂನು ಒಂದೇ: ಬರವಣಿಗೆಯಲ್ಲಿ ಸಿಗದ ಅರ್ಥಕ್ಕೆ ನಿಘಂಟಿನಲ್ಲಿ ಜಾಗವಿಲ್ಲ. "ನಮ್ಮನೇಲಿ ಹೀಗಂತಾರೆ ಸಾರ್" ಎಂದು ಯಾರಾದರೂ ಬಾಯಿ ತೆರೆದರೆ ಸಂಪಾದಕರು ಎರಡು ಕನ್ನಡಕಗಳಲ್ಲಿ ಒಂದನ್ನು ಹಣೆಗೇರಿಸಿ, "ಬಾಯಿಮಾತು ಬೇಡ, ಎಲ್ಲಿ ಬರೆದಿದೆ ತೋರಿಸಿ" ಎನ್ನುತ್ತಿದ್ದರು. ಚೀಟಿಯಕ್ಕನ ರಕ್ತಕ್ಕೆ ಇಳಿದುಹೋಗಿದ್ದ ಮಾತು ಅದು.

ಆ ವಾರ ಅವಳ ಮೇಜಿಗೆ ಬಂದಿದ್ದ ಪದ 'ರೆಫ್ಯೂಸ್'. ಅದರ ಚೀಟಿಗಳೇ ಒಂದೂವರೆ ಡಬ್ಬಿ. ಮದುವೆಗೆ ಒಪ್ಪದ ಹುಡುಗಿ, ಲಂಚ ಮುಟ್ಟದ ಗುಮಾಸ್ತ, ಬೇಲಿಯ ಮುಂದೆ ಬಂದು ಗಕ್ಕನೆ ನಿಂತ ಕುದುರೆ, ಎಷ್ಟು ತಳ್ಳಿದರೂ ತೆರೆಯದ ಬಾಗಿಲು, ಎಲ್ಲರೂ ಅದರೊಳಗಿದ್ದರು. ಡಿಕ್ಲೈನ್ ಎಂದರೆ ಕೈಮುಗಿದು ಬೇಡವೆನ್ನುವುದು. ರಿಜೆಕ್ಟ್ ಎಂದರೆ ನೋಡಿ, ಮೂಸಿ, ಚೆನ್ನಾಗಿಲ್ಲವೆಂದು ಆಚೆ ಎಸೆಯುವುದು. ರೆಫ್ಯೂಸ್ ಹಾಗಲ್ಲ, ಮುಖಕ್ಕೆ ಮುಖ ಕೊಟ್ಟು ಆಗುವುದಿಲ್ಲ ಎನ್ನುವುದು. ಪದದ ಹುಟ್ಟು ಲ್ಯಾಟಿನ್ನಿನಲ್ಲಿ, 'ಮರಳಿ ಸುರಿ' ಎನ್ನುವ ಮಾತಿನಲ್ಲಿ ಇರಬೇಕು, ಹಳೆಯ ಫ್ರೆಂಚಿನ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂದಿರಬೇಕು ಎಂದು ಬಲ್ಲವರು ಹೇಳುತ್ತಾರೆ. ಯಾರೋ ನಿಮ್ಮ ಪಾತ್ರೆಗೆ ಸುರಿದರು, ನೀವು ಅದನ್ನು ವಾಪಸು ಅವರ ಪಾತ್ರೆಗೇ ಸುರಿದಿರಿ. ಸುರಿಯುವವನೇ ಇಲ್ಲದಿದ್ದರೆ ಮರಳಿ ಸುರಿಯುವುದೇನನ್ನು?

ಇದಕ್ಕಾಗಿಯೇ ಅವಳಿಗೂ ಸಂಪಾದಕರಿಗೂ ಜಟಾಪಟಿ ನಡೆದಿತ್ತು. ಅವಳು 'ಕೊಟ್ಟದ್ದನ್ನು ಅಥವಾ ಕೇಳಿದ್ದನ್ನು ಬೇಡವೆನ್ನು' ಎಂದು ಬರೆದಿದ್ದಳು. ಸಂಪಾದಕರು ಮೊದಲ ಮೂರು ಪದಗಳ ಮೇಲೆ ಕೆಂಪು ಗೆರೆ ಎಳೆದಿದ್ದರು.

"ಬೇಡವೆನ್ನು ಅಂದ್ರೆ ಸಾಕಲ್ರೀ. ಜಾಗ ಉಳಿಯುತ್ತೆ."

"ಯಾರೂ ಕೊಡದೇನೇ ಬೇಡ ಅನ್ನೋಕಾಗುತ್ತಾ ಸಾರ್?"

"ಹುಚ್ಚರು ಅಂತಾರೆ."

"ಹುಚ್ಚರು ಬರೆದಿದ್ದನ್ನ ತೋರಿಸಿ, ತೆಗೀತೀನಿ" ಎಂದು ಅವಳು ಅವರ ಅಸ್ತ್ರವನ್ನೇ ಅವರಿಗೆ ತಿರುಗಿಸಿದ್ದಳು. ಎಲ್ಲರೂ ನಕ್ಕಿದ್ದರು. ಅದು ಸೋಮವಾರ. ಆ ನಗು ಬುಧವಾರ ಸಂಜೆಯವರೆಗಷ್ಟೇ ಉಳಿಯಿತು.

ಅವಳ ತಾಯಿ ಆಸ್ಪತ್ರೆಯಲ್ಲಿದ್ದಳು. ಎಪ್ಪತ್ತನಾಲ್ಕು ವರ್ಷ. ಮೂವತ್ತೊಂದು ವರ್ಷ ಮನೆಮನೆಗೆ ಟಪಾಲು ಹಂಚಿ, ವರ್ಷಕ್ಕೆರಡು ಜೊತೆ ಚಪ್ಪಲಿ ಸವೆಸಿದ ಹೆಂಗಸು. ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ನು ಚೆನ್ನಾಗಿಯೇ ಆಯಿತು. ಆಮೇಲೆ ಅವಳನ್ನು ನಡಿಗೆ ವಾರ್ಡಿಗೆ ಹಾಕಿದರು. ಬಿದ್ದವರನ್ನು ಎಬ್ಬಿಸಿ, ಹಿಡಿದು, ದಿನಕ್ಕೆ ಹತ್ತು ಹೆಜ್ಜೆಯಂತೆ ನಡೆಸಿ ಮನೆಗೆ ಕಳಿಸುವ ವಾರ್ಡು ಅದು. ಸೇರಿಸಿದ ದಿನವೇ ವಾರ್ಡಿನ ಹಿರಿಯ ಸಿಸ್ಟರ್, "ಅಮ್ಮಾ, ನಾವು ಬಂದು ಎಬ್ಬಿಸೋವರೆಗೂ ಕೆಳಗೆ ಇಳೀಬೇಡಿ" ಎಂದಿದ್ದಳು. ತಾಯಿ ತಲೆಯಾಡಿಸಿದ್ದಳು.

ಚೀಟಿಯಕ್ಕ ದಿನಾ ಸಂಜೆ ಕಚೇರಿಯಿಂದ ನೇರ ಅಲ್ಲಿಗೆ ಹೋಗುತ್ತಿದ್ದಳು. ಹಾಸಿಗೆಯ ಕಾಲ್ದೆಸೆಗೆ ಒಂದು ಹಲಗೆ ನೇತುಹಾಕಿದ್ದರು, ಅದರಲ್ಲಿ ದಿನದಿನದ ಹಾಳೆ. ಅವಳು ಹುಟ್ಟು ಓದುಗಿ, ಕಣ್ಣೆದುರು ಅಕ್ಷರ ಕಂಡರೆ ಬಿಡುವವಳಲ್ಲ. ಐದನೆಯ ಸಂಜೆ ಹಾಳೆ ತಿರುವಿದಳು. ವ್ಯಾಯಾಮದ ಕಾಲಮ್ಮಿನಲ್ಲಿ ಐದು ಸಾಲು, ಐದರಲ್ಲೂ ಒಂದೇ ಇಂಗ್ಲಿಷ್ ಪದ: ರೆಫ್ಯೂಸ್ಡ್. ಅಂದರೆ ನಡೆಯಿರಿ ಎಂದಾಗಲೆಲ್ಲ ತಾಯಿ ಬೇಡವೆಂದಿದ್ದಾಳೆ. ಬರೆದಿದೆಯಲ್ಲ, ಇನ್ನೇನು ಬೇಕು? ತಾಯಿಯ ಹಠ ಅವಳಿಗೇನು ಹೊಸದೇ?

"ಯಾಕಮ್ಮ ಹೀಗೆ ಹಠ ಮಾಡ್ತೀಯಾ?" ಎಂದು ಗದರಿದಳು. "ನಡೀದೇ ಇದ್ರೆ ಕಾಲು ಬರುತ್ತಾ? ಚಿಕ್ಕ ಮಕ್ಕಳ ಥರ ಆಡ್ತೀಯಲ್ಲ!"

ತಾಯಿ ಅವಳನ್ನೇ ನೋಡಿದಳು. ತುಟಿ ಅಲುಗಿತು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಆ ದಿನದಿಂದ ತಾಯಿ ಮಗಳ ನಡುವೆ ಮಾತು ಊಟ, ಔಷಧಿ, ಹೊದಿಕೆ ಇಷ್ಟಕ್ಕೇ ನಿಂತಿತು.

ಹದಿನಾಲ್ಕನೆಯ ದಿನ, ಬುಧವಾರ ಸಂಜೆ, ಹಿರಿಯ ಸಿಸ್ಟರ್ ಅವಳ ಕೈಗೆ ಒಂದು ಪತ್ರ ಕೊಟ್ಟಳು. ರೋಗಿ ವ್ಯಾಯಾಮಕ್ಕೆ ಒಪ್ಪುತ್ತಿಲ್ಲವಾದ್ದರಿಂದ ಈ ಹಾಸಿಗೆಯನ್ನು ಬೇರೆಯವರಿಗೆ ಕೊಡಲಾಗುವುದು, ರೋಗಿಯನ್ನು ಹಿಂದಿನ ಕಟ್ಟಡಕ್ಕೆ ಕಳಿಸಲಾಗುವುದು, ಶುಕ್ರವಾರ ಹನ್ನೊಂದಕ್ಕೆ ಡಾಕ್ಟರ ಸಮ್ಮುಖದಲ್ಲಿ ತೀರ್ಮಾನ. ಹಿಂದಿನ ಕಟ್ಟಡವನ್ನು ಚೀಟಿಯಕ್ಕ ಒಮ್ಮೆ ನೋಡಿದ್ದಳು. ಎರಡು ಸಾಲು ಹಾಸಿಗೆ, ಎಲ್ಲಕ್ಕೂ ಎರಡೂ ಕಡೆ ಕಂಬಿ, ಯಾವ ಹಾಸಿಗೆಯ ಕೆಳಗೂ ಚಪ್ಪಲಿ ಇಲ್ಲ. ಅಲ್ಲಿ ಯಾರೂ ಯಾರನ್ನೂ ನಡೆಸುವುದಿಲ್ಲ. ಅಲ್ಲಿಗೆ ಹೋದವರಿಗೆ ಚಪ್ಪಲಿಯ ಅಗತ್ಯ ಮತ್ತೆ ಬೀಳುವುದಿಲ್ಲ.

ಅವಳು ಪತ್ರ ಹಿಡಿದು ಹಾಳೆಯ ಮುಂದೆ ನಿಂತಳು. ಹದಿನಾಲ್ಕು ಸಾಲು, ಹದಿನಾಲ್ಕು ರೆಫ್ಯೂಸ್ಡ್, ಒಂದೇ ಕೈ, ಒಂದೇ ಶಾಯಿ. ತಾರೀಖು, ಗಂಟೆ, ಸಹಿ. ಎಂಟನೆಯ ಸಾಲಿನಲ್ಲಿ ಅವಳ ಬೆರಳು ನಿಂತುಬಿಟ್ಟಿತು. ಬೆಳಿಗ್ಗೆ ಒಂಬತ್ತೂವರೆ, ರೆಫ್ಯೂಸ್ಡ್. ಆ ದಿನ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ತಾಯಿ ಕೆಳಗಿನ ಮಹಡಿಯ ಎಕ್ಸ್‌ರೇ ಸಾಲಿನಲ್ಲಿದ್ದಳು. ಗಾಲಿಕುರ್ಚಿ ಹಿಡಿದುಕೊಂಡು ನಿಂತಿದ್ದವಳು ಇವಳೇ, ಕಚೇರಿಗೆ ಅರ್ಧ ದಿನ ರಜೆ ಹಾಕಿ.

"ಸಿಸ್ಟರ್, ಆವತ್ತು ಅಮ್ಮ ಇಲ್ಲಿ ಇರ್ಲೇ ಇಲ್ಲ. ಯಾರನ್ನ ಕೇಳಿದ್ರು? ಖಾಲಿ ಹಾಸಿಗೆ ಬೇಡ ಅಂತಾ?"

ಹಿರಿಯ ಸಿಸ್ಟರಿಗೆ ಐವತ್ತು ದಾಟಿತ್ತು. ಸುಳ್ಳು ಹೇಳುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. "ಮೇಡಂ, ವ್ಯಾಯಾಮದವರು ಮೂರು ವಾರ್ಡಿಗೆ ಒಬ್ರೇ. ಬಾಗಿಲಲ್ಲಿ ತಲೆ ಹಾಕ್ತಾರೆ. ಪೇಶೆಂಟು ಮಲಗಿದ್ರೋ, ಮೈ ಒರೆಸ್ತಿದ್ವೋ, ಮುಂದಕ್ಕೆ ಹೋಗ್ತಾರೆ. 'ಮಾಡಿಸಿಲ್ಲ' ಅಂತ ಬರೆದ್ರೆ ಕಾರಣ ಬರೀಬೇಕು, ಇನ್ನೊಂದು ಫಾರಂ ತುಂಬಬೇಕು, ನಾನು ಸಹಿ ಹಾಕ್ಬೇಕು. 'ಬೇಡ ಅಂದ್ರು' ಅಂತ ಬರೆದ್ರೆ ಯಾರೂ ಏನೂ ಕೇಳಲ್ಲ. ಎಲ್ಲಾ ವಾರ್ಡಲ್ಲೂ ಹೀಗೇ ನಡ್ಕೊಂಡು ಬಂದಿದೆ."

ಹೀಗೇ ನಡೆದುಕೊಂಡು ಬಂದಿದೆಯಂತೆ! ನಡಿಗೆ ವಾರ್ಡಿನಲ್ಲಿ ಚೆನ್ನಾಗಿ ನಡೆಯುತ್ತಿದ್ದದ್ದು ಅದೊಂದೇ. ಒಂದು ಫಾರಂ ಉಳಿಸಲು ಒಂದು ಮುದುಕಿಯ ಎರಡು ಕಾಲು. ಚೀಟಿಯಕ್ಕನ ಮೈಯೆಲ್ಲ ಉರಿಯತೊಡಗಿತು. ಸಿಸ್ಟರನ್ನು, ಆ ವ್ಯಾಯಾಮದವನನ್ನು, ಫಾರಂ ಅಚ್ಚು ಹಾಕಿಸಿದ ಪುಣ್ಯಾತ್ಮನನ್ನು ಸಾಲಾಗಿ ನಿಲ್ಲಿಸಿ ಉಗಿಯಬೇಕೆನಿಸಿತು. ಆದರೆ ಅವಳ ಕೈ ತಾನಾಗಿ ಚೀಲಕ್ಕೆ ಹೋಗಿ ಪೆನ್ನು ಹುಡುಕಿತು. ಹಾಳೆಯ ಒಂದೊಂದೇ ಸಾಲನ್ನು ನಕಲು ಮಾಡಿಕೊಂಡಳು.

"ಏನಂತೆ? ಏನು ಪತ್ರ ಅದು?" ಎಂದು ತಾಯಿ ದಿಂಬಿನಿಂದ ತಲೆಯೆತ್ತಿ ಕೇಳಿದಳು.

"ಏನಿಲ್ಲಮ್ಮ. ನೀನು ಸುಮ್ನೆ ಮಲ್ಕೋ, ನಾನು ನೋಡ್ಕೋತೀನಿ" ಎಂದು ಹೇಳಿ ಚೀಟಿಯಕ್ಕ ಹೊರಟುಬಿಟ್ಟಳು.

ಗುರುವಾರ ಕಚೇರಿಯಲ್ಲಿ ಅವಳು ಒಂದು ಸಾಲಿಗೆ ಒಂದರಂತೆ ಹದಿನಾಲ್ಕು ಚೀಟಿ ಮಾಡಿದಳು. ಪದ: ರೆಫ್ಯೂಸ್ಡ್. ಬರೆದವರು: ವ್ಯಾಯಾಮದವರು. ಕೊಟ್ಟದ್ದು ಏನು: ತಿಳಿಯದು. ಕೇಳಿದವರು ಯಾರು: ಇಲ್ಲ. ಸಂಪಾದಕರು ಹಿಂದಿನಿಂದ ಬಂದು ಒಂದು ಚೀಟಿ ಎತ್ತಿ ಓದಿ, ಎರಡೂ ಕನ್ನಡಕ ತೆಗೆದರು.

"ಇದು ಎಲ್ಲಿಂದ ಬಂತು?"

"ನಮ್ಮಮ್ಮನ ಹಾಸಿಗೆಯಿಂದ."

ಅವರು ಚೀಟಿಯನ್ನು ಇದ್ದ ಜಾಗದಲ್ಲೇ ಇಟ್ಟರು. "ಆ ಮೂರು ಪದ ಉಳಿಸ್ಕೊಳ್ಳಿ" ಎಂದಷ್ಟೇ ಹೇಳಿ ತಮ್ಮ ಮೇಜಿಗೆ ಹೋದರು. ಬೇರೆ ದಿನವಾಗಿದ್ದರೆ ಅವಳಿಗೆ ಅದು ಗೆಲುವು. ಈಗ ಅದು ಬಾಯಿಗಿಟ್ಟರೆ ಸಪ್ಪೆ.

ಶುಕ್ರವಾರ ಹನ್ನೊಂದಕ್ಕೆ ತಾಯಿಯ ಹಾಸಿಗೆಯ ಸುತ್ತ ನಾಲ್ಕು ಜನ ಸೇರಿದರು. ಗಡಿಯಾರದ ಮೇಲೆ ಕಣ್ಣಿಟ್ಟ ದೊಡ್ಡ ಡಾಕ್ಟರು, ಹಲಗೆ ಹಿಡಿದ ಹಿರಿಯ ಸಿಸ್ಟರ್, ಚೀಟಿಯಕ್ಕ, ಮತ್ತು ಆ ವ್ಯಾಯಾಮದವನು. ಅವನನ್ನು ಅವಳು ಕಂಡದ್ದು ಇದೇ ಮೊದಲು. ರಾಕ್ಷಸನನ್ನು ಕಲ್ಪಿಸಿಕೊಂಡು ಬಂದಿದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿದ, ಸವೆದ ಬೂಟಿನ ಬಡಕಲು ಆಸಾಮಿ ನಿಂತಿದ್ದ. ಇದರಿಂದ ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ರಾಕ್ಷಸನಾಗಿದ್ದರೆ ಬೈಯುವುದಾದರೂ ಸುಲಭವಿತ್ತು.

ಚೀಟಿಗಳನ್ನು ಹೊದಿಕೆಯ ಮೇಲೆ ಒಂದೊಂದಾಗಿ ಹರಡಿದಳು. "ಎಂಟನೇದು ನೋಡಿ. ಒಂಬತ್ತೂವರೆಗೆ ಇವರು ಯಾರನ್ನ ಕೇಳಿದ್ರು? ಅಮ್ಮ ಎಕ್ಸ್‌ರೇಲಿದ್ರು. ಹನ್ನೊಂದನೇದು ನೋಡಿ, ಅದೇ ಹೊತ್ತಿಗೆ ಸಿಸ್ಟರು ಮೈ ಒರೆಸಿದಾರೆ ಅಂತ ಪಕ್ಕದ ಕಾಲಮ್ಮಲ್ಲೇ ಇದೆ. ಕೇಳದೇನೇ ಬೇಡ ಅಂದ್ರು ಅಂತ ಬರೆಯೋಕೆ ನಿಮಗೆ ನಾಚಿಕೆ ಆಗ್ಲಿಲ್ವಾ?"

"ಮೇಡಂ, ನನಗೆ ದಿನಕ್ಕೆ ನಲವತ್ತೆರಡು ಜನ" ಎಂದ ವ್ಯಾಯಾಮದವನು. "ಬಾಗಿಲಿಂದ ನೋಡ್ದೆ, ಮಲಗಿದ್ರು. ಇಷ್ಟ ಇದ್ದೋರು ಎದ್ದು ಕೂತಿರ್ತಾರೆ."

"ಇಳೀಬೇಡಿ ಅಂತ ಹೇಳಿದ್ದು ನಿಮ್ಮೋರೇ!"

ಡಾಕ್ಟರು ಅಂಗೈ ಎತ್ತಿ ತಡೆದರು. "ನೋಡಿಯಮ್ಮ, ತಪ್ಪು ಆಗಿರಬಹುದು. ನಾನು ವಿಚಾರಿಸ್ತೀನಿ. ಆದ್ರೆ ಈಗಿನ ಮಾತಾಡೋಣ. ಹದಿನಾರು ದಿನ ಇವರು ಮಲಗೇ ಇದಾರೆ. ತೊಡೆಯ ಮಾಂಸ ಕರಗಿದೆ. ಇನ್ನು ನಡೆಸೋದು ಕಷ್ಟ. ಬೇರೆ ಪೇಶೆಂಟುಗಳು ಕಾಯ್ತಿದಾರೆ. ಹಿಂದಿನ ಕಟ್ಟಡದಲ್ಲಿ ಆರಾಮಾಗಿರ್ತಾರೆ."

ಅಂದರೆ ಮೊದಲು ನಡೆಸದೆ ಕಾಲು ಕೆಡಿಸಿದರು, ಈಗ ಕಾಲು ಕೆಟ್ಟಿದೆ ಎಂದು ನಡೆಸುವುದಿಲ್ಲ. ಚೀಟಿಯಕ್ಕನ ಪಿತ್ತ ನೆತ್ತಿಗೇರಿತು. ಅವಳು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹಾಸಿಗೆಯಿಂದ ದನಿ ಬಂತು.

"ಆ ಹಲಗೇಲಿ ಏನು ಬರೆದಿದೆ?"

ನಾಲ್ವರೂ ತಿರುಗಿದರು. ತಾಯಿ ಮೊಣಕೈ ಊರಿ ಅರ್ಧ ಎದ್ದಿದ್ದಳು. ಚೀಟಿಯಕ್ಕನೇ ಹೇಳಿದಳು. "ರೆಫ್ಯೂಸ್ಡ್ ಅಂತ ಬರೆದಿದಾರಮ್ಮ. ಹದಿನಾಲ್ಕು ಸಲ."

"ರೆಫ್ಯೂಸ್ಡಾ?" ತಾಯಿ ಆ ಪದವನ್ನು ಹಳೆಯ ಪರಿಚಯದವರ ಹೆಸರು ಹೇಳುವಂತೆ ಹೇಳಿದಳು. "ನನಗೆ ಇಂಗ್ಲಿಷು ಅಷ್ಟಾಗಿ ಬರಲ್ಲ ಡಾಕ್ಟ್ರೇ. ಆದ್ರೆ ಈ ಪದ ನಂಗೊತ್ತು. ಮೂವತ್ತೊಂದು ವರ್ಷ ಬರೆದಿದೀನಿ. ರಿಜಿಸ್ಟ್ರಿ ಕಾಗದ ತಗೊಂಡು ಹೋದ್ರೆ ಕೆಲವರು ತಗೊಳ್ಳಲ್ಲ. ಕೋರ್ಟಿಂದು ಇರುತ್ತೆ, ಜಗಳದ್ದು ಇರುತ್ತೆ. ಆಗ ಕವರಿನ ಮೇಲೆ ಅದನ್ನ ಬರೆದು ವಾಪಸ್ ಕಳಿಸ್ಬೇಕು. ಹೇಗೆ ಬರೀಬೇಕು ಗೊತ್ತಾ? ಬಾಗಿಲು ತಟ್ಟಬೇಕು. ಹೆಸರು ಹಿಡಿದು ಕರೀಬೇಕು. ಕಾಗದ ಅವರ ಮುಂದೆ ಹಿಡೀಬೇಕು. ಅವರು ನನ್ನ ಮುಖ ನೋಡಿ ಬೇಡ ಅನ್ಬೇಕು. ಆಮೇಲೆ ಪೆನ್ನು ತೆಗೀಬೇಕು. ನಾಯಿ ಕಚ್ಚಿದ ದಿನಾನೂ ನಾನು ಬಾಗಿಲು ತಟ್ಟದೆ ಬರೆದಿಲ್ಲ."

ಅವಳಿಗೆ ಉಸಿರು ಕಟ್ಟಿತು. ಚೀಟಿಯಕ್ಕ ನೀರಿನ ಲೋಟ ಚಾಚಿದಳು. ತಾಯಿ ಅದನ್ನು ಕೈಯಿಂದ ಆಚೆ ಸರಿಸಿದಳು.

"ನಮ್ಮಲ್ಲೊಬ್ಬ ಇದ್ದ. ಬಿಸಿಲು ಅಂತ ಮರದ ಕೆಳಗೆ ಕೂತು ಬರೆದುಬಿಟ್ಟ. ಆ ಮನೆಯೋರಿಗೆ ಕಾಗದ ಬಂದಿದ್ದೇ ಗೊತ್ತಾಗ್ಲಿಲ್ಲ, ಕೇಸು ಹೋಯ್ತು, ಮನೆ ಹೋಯ್ತು. ಅವನ ಮೇಲೆ ದೂರು ಬರೆದುಕೊಟ್ಟಿದ್ದು ನಾನೇ. ಅವನಿಗೂ ಕೆಲಸ ಜಾಸ್ತಿ ಇತ್ತು, ನಂಗೊತ್ತು. ಆದ್ರೂ ಬರೆದುಕೊಟ್ಟೆ." ಅವಳು ವ್ಯಾಯಾಮದವನ ಕಡೆ ನೋಡಿದಳು. "ದಿನಾ ಬೆಳಿಗ್ಗೆ ಕಾಯ್ತಿದ್ದೆ ಕಣಪ್ಪಾ. ಈಗ ಬರ್ತಾರೆ, ಈಗ ಬರ್ತಾರೆ ಅಂತ. ಒಳಗೆ ಬರೋಕೆ ಎಷ್ಟು ಹೆಜ್ಜೆ ಆಗ್ತಿತ್ತು ನಿಂಗೆ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತಮ್ಮ" ಎಂದ.

"ಈಗ ಕೇಳಿ ನನ್ನ" ಎಂದಳು ತಾಯಿ.

ವ್ಯಾಯಾಮದವನು ಹಾಸಿಗೆಯ ಹತ್ತಿರ ಬಂದ. "ಅಮ್ಮಾ, ನಡೀತೀರಾ?"

"ನಡೀತೀನಿ. ಕಾಲು ನಿಲ್ಲದೇ ಇದ್ರೆ ನೀನು ಹಿಡ್ಕೋ. ಡಾಕ್ಟ್ರೇ, ನೀವೂ ಕೇಳಿ."

ಡಾಕ್ಟರಿಗೆ ಗಡಿಯಾರ ಮರೆತುಹೋಗಿತ್ತು. "ಹಿಂದಿನ ಕಟ್ಟಡಕ್ಕೆ ಹೋಗ್ತೀರಾ ತಾಯಿ?"

"ಹೋಗಲ್ಲ. ಈಗ ಬರೀರಿ ನಿಮ್ಮ ರೆಫ್ಯೂಸ್ಡು. ಇದು ಮೊದಲನೇದು."

ಹಿರಿಯ ಸಿಸ್ಟರ್ ಹಲಗೆಯ ಹಾಳೆ ತಿರುವಿ ತಿರುವಿ ನೋಡಿದಳು. "ಸಾರ್, ಇದಕ್ಕೆ ಇಲ್ಲಿ ಕಾಲಂ ಇಲ್ಲ. ಸ್ಥಳಾಂತರ ಬೇಡ ಅಂದ್ರೆ ಬೇರೆ ಫಾರಂ. ಪೇಶೆಂಟು ಹೇಳಿದ ಹಾಗೇ ಕಾರಣ ಬರೀಬೇಕು, ಮೂರು ಜನ ಸಹಿ ಹಾಕ್ಬೇಕು. ಹಾಕಿದ್ಮೇಲೆ ಹತ್ತು ದಿನ ಅವರನ್ನ ಈ ಹಾಸಿಗೆಯಿಂದ ಕದಲಿಸೋ ಹಾಗಿಲ್ಲ, ವ್ಯಾಯಾಮ ಮಾಡಿಸಿ ಮತ್ತೆ ನೋಡ್ಬೇಕು."

ನೋಡಿ ಆಟವನ್ನು. ಬಾಯಿ ಬಿಡದವಳು ಬೇಡವೆಂದಳೆಂದು ಗೀಚಲು ಒಂದು ಗೀಟು ಸಾಕು. ಅವಳೇ ಬಾಯಿ ಬಿಟ್ಟು ಬೇಡವೆಂದರೆ ಇಡೀ ಆಸ್ಪತ್ರೆ ಪೆನ್ನು ಹುಡುಕಬೇಕು.

"ತನ್ನಿ ಆ ಫಾರಂ" ಎಂದರು ಡಾಕ್ಟರು.

ಸಿಸ್ಟರ್ ಬೀರುವಿನ ತಳದಿಂದ ತಂದ ಪುಸ್ತಕದ ಮೇಲೆ ಬೆರಳದ್ದುವಷ್ಟು ಧೂಳಿತ್ತು. ಮೊದಲ ಹಾಳೆಯೇ ಇನ್ನೂ ಖರ್ಚಾಗಿರಲಿಲ್ಲ. ಬರೆಯಲು ಮೇಜಿರಲಿಲ್ಲ. ಚೀಟಿಯಕ್ಕ ಹೊದಿಕೆಯ ಮೇಲಿನ ಚೀಟಿಗಳನ್ನು ಬಾಚಿ ಚೀಲಕ್ಕೆ ತುಂಬಿ, ಸಿಸ್ಟರಿನ ಹಲಗೆಯನ್ನು ತಾನೇ ಅಡ್ಡ ಹಿಡಿದು ನಿಂತಳು. ಎದೆಯಲ್ಲಿ ಬೆಂಕಿ ಇನ್ನೂ ಉರಿಯುತ್ತಿತ್ತು. ಆದರೂ ಅಮ್ಮ ಉಳಿದಳು, ಹತ್ತು ದಿನ ಸಿಕ್ಕಿತು, ಹತ್ತು ದಿನದಲ್ಲಿ ಟಪಾಲಿನ ಕಾಲು ಎದ್ದೇ ಏಳುತ್ತದೆ ಎಂದುಕೊಂಡಳು. ತಾನು ಎಂಟನೆಯ ಸಾಲು ಹಿಡಿದದ್ದಕ್ಕೇ ಇಷ್ಟಾಯಿತಲ್ಲ ಎಂದು ಒಳಗೊಳಗೇ ಚೂರು ಬೀಗಿದಳು ಕೂಡ.

"ಕಾರಣ ಹೇಳಿಯಮ್ಮ" ಎಂದಳು ಸಿಸ್ಟರ್.

ತಾಯಿ ಒಂದೊಂದೇ ಮಾತನ್ನು ಬಿಡಿಸಿ, ಬರೆಯುವವರಿಗೆ ಪುರುಸೊತ್ತು ಕೊಟ್ಟು ಹೇಳಿದಳು. "ಹದಿನಾಲ್ಕು ದಿನ ನಡೀತೀರಾ ಅಂತ ನನ್ನನ್ನ ಯಾರೂ ಕೇಳಲಿಲ್ಲ. ಬರೆದ್ರಾ? ಆಸ್ಪತ್ರೆಯೋರು ಕೇಳಲಿಲ್ಲ." ಉಸಿರು ತೆಗೆದುಕೊಂಡಳು. "ನನ್ನ ಮಗಳು ಓದಿದೋಳು. ಹಾಳೆ ಓದಿ ನನ್ನ ಬೈದಳು. ಬೇಡ ಅಂದ್ಯಾ ಅಮ್ಮ ಅಂತ ಅವಳೂ ಕೇಳಲಿಲ್ಲ. ನಿನ್ನೆ ಮೊನ್ನೆ ಎಲ್ಲಾ ಗೊತ್ತಾದ್ಮೇಲೂ ಕೇಳಲಿಲ್ಲ. ಅದನ್ನೂ ಬರೀರಿ."

ಸಿಸ್ಟರಿನ ಪೆನ್ನು ಅರ್ಧಕ್ಕೆ ನಿಂತಿತು. ಅವಳು ಕತ್ತೆತ್ತಿ ಚೀಟಿಯಕ್ಕನನ್ನು ನೋಡಿದಳು. "ಮೇಡಂ, ಇದನ್ನೂ ಬರೀಲಾ?"

"ಅವಳನ್ನ ಯಾಕೆ ಕೇಳ್ತೀರ?" ಎಂದಳು ತಾಯಿ. "ನನ್ನ ಕೇಳಿ."

ಸಿಸ್ಟರ್ ಹಾಸಿಗೆಯ ಕಡೆ ತಿರುಗಿದಳು. "ಬರೀಲಾ ಅಮ್ಮ?"

"ಬರೀರಿ."

ಅಕ್ಷರ ಕೆಡದಿರಲೆಂದು ಚೀಟಿಯಕ್ಕ ಹಲಗೆಯ ಅಂಚನ್ನು ಎದೆಗೆ ಒತ್ತಿ ಹಿಡಿದುಕೊಂಡಳು.